ಮಮತಕ್ಕನ ಡಿಸೈನ್ ಹೋಗಿಲ್ಲ

ಮಮತಕ್ಕ,

ಅಳಬೇಡ, ಮೊದಲು ಇದನ್ನು ಓದು. ನೀನು ಮೊದಲ ಸಲ ಬಿಡಿಸಿದ ಸೀರೆ ಡಿಸೈನ್ ಎಲ್ಲೂ ಹೋಗಿಲ್ಲ. ಕಂಪ್ಯೂಟರ್‌ಗೆ ಹೊಕ್ಕ ವೈರಸ್ ಅದನ್ನು ಬಚ್ಚಿಟ್ಟು, ಅದೇ ಹೆಸರಲ್ಲಿ ಸುಳ್ಳು ಶಾರ್ಟ್‌ಕಟ್ ಇಟ್ಟಿದೆ. ಬಾಣದ ಗುರುತಿರೋದನ್ನು ಯಾವುದನ್ನೂ ಒತ್ತಬೇಡ.

ಆಂಟಿವೈರಸ್ ಓಡ್ತಿದೆ, ಮುಗಿಯೋವರೆಗೂ ಆಫ್ ಮಾಡಬೇಡ. ಸಿಕ್ಕಿದ ವೈರಸ್ಸನ್ನೆಲ್ಲ ಡಿಲೀಟ್ ಮಾಡಿ, ಆಮೇಲೆ ಹಿಡನ್ ಫೈಲ್ ತೋರಿಸು ಅನ್ನೋದಕ್ಕೆ ಟಿಕ್ ಹಾಕು. ನಿನ್ನ ಡಿಸೈನ್ ಕಾಣುತ್ತೆ.

ದೊಡ್ಡಪ್ಪನ ಮಗ ಅಂಬರೀಶ ಬಂದು "ಫಾರ್ಮ್ಯಾಟ್ ಹೊಡೆದ್ಬಿಡೋಣ ಕಣಕ್ಕ, ಐದೇ ನಿಮಿಷ" ಅಂದರೆ ಹೊಸಿಲು ದಾಟಿಸಬೇಡ. ಹೊಡೆದರೆ ನಿಜವಾಗಿಯೂ ಎಲ್ಲ ಹೋಗುತ್ತೆ. ಡಿಸೈನ್ ತುಂಬೋಕೆ ಅಂತ ಕಂಡವರ ಕಂಪ್ಯೂಟರ್ ಮಗ್ಗಕ್ಕೆಲ್ಲ ಚುಚ್ಚಿದ ಪೆನ್‌ಡ್ರೈವ್ ತಂದು ನಮ್ಮ ಕಂಪ್ಯೂಟರ್‌ಗೂ ಚುಚ್ಚಿದ ಮಹಾನುಭಾವ ಅವನೇ.

"ಹಳೇ ಡಿಸೈನೇ ನೇಯಿ" ಅಂತಾರೆ ಅಪ್ಪ. ನೇಯಲ್ಲ. ಮಗ್ಗ ನಿಲ್ಲಿಸಿಕೊಂಡು ಶೆಡ್ಡಲ್ಲಿ ಕೂತಿರ್ತೀನಿ. ನಿನ್ನದನ್ನು ಹೊಸ ಪೆನ್‌ಡ್ರೈವಲ್ಲಿ ಹಾಕ್ಕೊಂಡು ನೀನೇ ತಗೊಂಡು ಬಾ.

ವೇಣು