ಪೂಜಿ ಆದ ಟೈರು

14-11-1978, ಮಂಗಳವಾರ. ಉಜ್ಜಿನಿ.

ನಮ್ಮಣ್ಣಗ ಹೆಂಗ ತಿಳಿಸಿ ಹೇಳಬೇಕೋ ನನಗಂತೂ ಗೊತ್ತಾಗವಲ್ದು. ಟ್ರೇಲರಿಗೆ ಟೈರು ತಗಂಡು ಬಾ ಅಂದ್ರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಹಾಕೋ ಸಣ್ಣ ಟೈರು ತಂದಾನ. "ರಿಂಗಿಗೆ ಸರಿಯಾಗಿ ಕೂಡ್ತಾವಲ್ಲಲೇ, ಮತ್ತೇನು ನಿಂದು?" ಅಂತಾನ. ಕೂಡ್ತಾವ, ಭಾರ ಹೊರಬೇಕಲ್ಲ! ಶೇಂಗಾ ಚೀಲದ ಮ್ಯಾಲೆ ಕೂಲಿ ಹೆಣ್ಮಕ್ಕಳು ಬ್ಯಾರೆ ಕುಂತಿರ್ತಾರ. ಇಳಿಜಾರಿನಾಗ ಒಂದು ಟೈರು ಒಡದ್ರೂ ಟ್ರೇಲರು ಮಗುಚಿ ಬೀಳ್ತೈತಿ. ಓಡಿಸೋನು ನಾನು, ಅವನಲ್ಲ.

ವಾಪಸ್ ಕೊಟ್ಟು ಬರೋಣು ಅಂದ್ರೆ, ನಾನು ಹೊಲದಿಂದ ಬರೋದ್ರಾಗ ಅವ್ವ ಅವಕ್ಕ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡದಿದ್ಲು. ಆದ್ರೂ ಒರೆಸಿಕೊಂಡು ಹೋದೆ, ಸಂದಿನಾಗ ಕುಂಕುಮ ಉಳದೇ ಇತ್ತು. "ಪೂಜಿ ಮಾಡಿದ ಟೈರು ಇನ್ನೊಬ್ಬರಿಗೆ ಹೆಂಗ ಮಾರೋದು, ತಮ್ಮಾ?" ಅಂದ್ರು ಕೊಟ್ಟೂರಿನ ಅಂಗಡಿಯವರು. ಬಸ್ಸಿನ ಮ್ಯಾಲೆ ಹಾಕಿಸಿಕೊಂಡು ಹೋದಂಗ ವಾಪಸ್ ಬಂದೆ.

ಈಗ ಟ್ರೇಲರು ಅಂಗಳದಾಗ ಕಲ್ಲಿನ ಮ್ಯಾಲೆ ನಿಂತೈತಿ, ಟೈರು ಪಡಸಾಲ್ಯಾಗ ಅದಾವ. ಸಂಜಿಗೆ ಅವ್ವ ಅವುಗಳ ಮುಂದ ದೀಪನೂ ಇಟ್ಲು. ಅಣ್ಣ ಆರಾಮ ಗೊರಕಿ ಹೊಡೀತಾನ.

ಸಿಟ್ಟು ತಡೀಲಾರದ ಈಗ ಎದ್ದು ಹೋಗಿ ಒಂದು ಟೈರಿಗೆ ಜಾಡಿಸಿ ಒದ್ದೆ. ಒದ್ದ ಕೂಡ್ಲೇ ಬಗ್ಗಿ, ಅದನ್ನ ಮುಟ್ಟಿ, ಕಣ್ಣಿಗೆ ಒತ್ತಿಕೊಂಡೆ.