ಅಂಗಡಿಯಲ್ಲೇ ಕೂತು ಹಾಕಿದ ಸಹಿ

ಅರ್ಧ ವಕೀಲೆ, ಅರ್ಧ ಪತ್ತೇದಾರಿ, ಪೂರ್ತಿ ನನ್ನ ಮಗಳಾದ ಗುಲ್ನಾಜಳಿಗೆ,

ನಿನ್ನ ಅಬ್ಬಾನ ಸಲಾಂ. ಕೋರ್ಟಿನಲ್ಲಿ ಏನಾಯಿತು ಎಂದು ನೀನು ಫೋನಿನಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ನಾನು "ಎಲ್ಲಾ ಬರೋಬ್ಬರಿ ಆತು" ಎಂದು ಮುಗಿಸಿದೆ. ನಿನಗೆ ಪರೀಕ್ಷೆ ಇತ್ತು, ನನಗೆ ಗಿರಾಕಿಗಳಿದ್ದರು, ಅದೆಲ್ಲ ನೆಪ. ಕೆಲವು ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಕಾಗದದ ಮೇಲೇ ಬರಬೇಕು. ಮನೆಯಲ್ಲಿ ಉರ್ದು ಆಡುವವರಾದರೂ ನನಗೆ ಬರೆಯಲು ಬರುವುದು ಕನ್ನಡ. ಪ್ರಾಸ ಸಿಗುವುದೂ ಅದರಲ್ಲೇ.

ಕಾನೂನು, ಅಪರಾಧಶಾಸ್ತ್ರ ಎರಡನ್ನೂ ಕೂಡಿಸಿದ ಐದು ವರ್ಷದ ಪದವಿಗೆ ನೀನು ಧಾರವಾಡಕ್ಕೆ ಹೊರಟಾಗ ನಾನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೆ. ನನ್ನ ತಾಯಿ, ನಿನ್ನ ದಾದಿ ಮೋತಿಬಿ ಮಾತ್ರ ಕಟ್ಟೆಯ ಮೇಲಿನ ಹೆಂಗಸರಿಗೆ, "ಕಳ್ಳರ ವಿಷಯ ಕಲಿಯಾಕ ಧಾರವಾಡ ಯಾಕ ಬೇಕ್ರೆವಾ? ಲಕ್ಷ್ಮೇಶ್ವರದ ಸಂತ್ಯಾಗ ಒಂದು ತಾಸು ನಿಂತ್ರ ಆತು. ಕಿಸೆ ಖಾಲಿ, ಕಲಿಕಿ ಪೂರಾ" ಎಂದಿದ್ದಳು. ಆಕೆಯ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಪ್ರಾಸದ ರೋಗ ಅಂಟದೆ ಇನ್ನೇನು ಅಂಟೀತು?

ನನಗೂ ಒಂದು ಕಾಲಕ್ಕೆ ಆ ಆಸೆ ಇತ್ತೆಂದು ನಿನಗೆ ಹೇಳಿಲ್ಲ. ಗದಗ ಜಿಲ್ಲೆಯಾದ ವರ್ಷ ನಾನು ಬಿ.ಎ. ಮೊದಲ ವರ್ಷದಲ್ಲಿದ್ದೆ. ಹೊಸ ಜಿಲ್ಲೆ, ಹೊಸ ಕೋರ್ಟು, ಮೈಮೇಲೆ ಕರೀ ಕೋಟು ಎಂದು ಹಾಡಿಕೊಂಡು ತಿರುಗಿದೆ. ಕಾನೂನಿನ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ ಎಂದು ಯಾರೋ ಹೇಳಿದರು. ಆ ಒಂದು ಮಾತಿಗೆ ಹೆದರಿ ಊರಲ್ಲೇ ಝೆರಾಕ್ಸ್ ಅಂಗಡಿ ಇಟ್ಟೆ. ಅದೂ ಪೊಲೀಸ್ ಹೊರಠಾಣೆಯ ಎದುರಿಗೆ.

ಠಾಣೆಯ ಎದುರು ಅಂಗಡಿ ಇಟ್ಟ ಪದವೀಧರ ಪಂಚನಾಗದೆ ಉಳಿಯಲಾರ. ಕಳವಿನ ಮಾಲು ಸಿಕ್ಕರೆ ಊರ ಇಬ್ಬರು ಆ ಜಾಗದಲ್ಲಿ ನಿಂತು, ಕಣ್ಣಾರೆ ನೋಡಿ, ಪಂಚನಾಮೆಗೆ ಸಹಿ ಹಾಕಬೇಕೆಂಬುದು ಕಾಯ್ದೆ. ನಮ್ಮಲ್ಲಿ ರೂಢಿ ಬೇರೆ. ಹನಮಪ್ಪ ಹವಾಲ್ದಾರರು ಬರೆದ ಹಾಳೆ ಹಿಡಿದು ರಸ್ತೆ ದಾಟಿ ಬರುತ್ತಿದ್ದರು. "ಇನಾಯತಭಾಯ್, ಒಂದ ಸಹಿ ಒಗೀರಿ." ಒಂದು ಸಹಿ ನನ್ನದು, ಇನ್ನೊಂದು ಚಹಾ ತಂದ ಗವಿಸಿದ್ದಪ್ಪನದು. ಚಹಾ ಆರುವುದರೊಳಗೆ ಕಾಯ್ದೆ ಪೂರೈಸುತ್ತಿತ್ತು.

ಹನಮಪ್ಪ ಕೆಟ್ಟವರಲ್ಲ. ಇಬ್ಬರೇ ಪೊಲೀಸರು, ಹನ್ನೊಂದು ಹಳ್ಳಿ. ನಾನೂ ಕೆಟ್ಟವನಲ್ಲ. ಸಹಿ ಕೇಳಿದವರಿಗೆ ಇಲ್ಲ ಅನ್ನುವುದು ನೀರು ಕೇಳಿದವರಿಗೆ ಇಲ್ಲ ಅಂದಂತೆ ಎಂದುಕೊಂಡವನು. ಮತ್ತೆ, ಹೆಸರಿನ ಮುಂದೆ 'ಬಿ.ಎ.' ಎಂದು ಬರೆಯಲು ನನಗೆ ಸಿಗುತ್ತಿದ್ದ ಜಾಗ ಅದೊಂದೇ.

ಆಮೇಲೆ ಮೂರನೆಯ ವರ್ಷದ ರಜೆಯಲ್ಲಿ ನೀನು ಪ್ರಾಜೆಕ್ಟು ತಂದೆ. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಪಂಚನಾಮೆ ಹೇಗೆ ನಡೆಯುತ್ತದೆ ಎಂದು ಪಂಚರನ್ನೇ ಕೇಳುವ ಪ್ರಶ್ನೆಪತ್ರಿಕೆ. ಬೋಣಿಗೆ ಮನೆಯಲ್ಲೇ ಆಗಲಿ ಎಂದು ನನ್ನನ್ನು ಕೂರಿಸಿಕೊಂಡೆ.

"ಒಟ್ಟು ಎಷ್ಟು ಸಹಿ ಹಾಕೀರಿ ಅಬ್ಬಾ?"

"ಮೂವತ್ತರ ಮ್ಯಾಲೆ" ಎಂದು ಮೀಸೆ ತಿರುವಿದೆ.

"ಜಾಗಕ್ಕ ಹೋಗಿ ನೋಡಿದ್ದು?"

"ಒಂದು. ಅದೂ ನಮ್ಮ ಅಂಗಡ್ಯಾಗ ಕಳುವಾದಾಗ."

ನಿನ್ನ ಅಮ್ಮಿ ತಸ್ಲೀಮ ಒಳಗಿನಿಂದ ನಕ್ಕಳು. ನೀನು ನಗಲಿಲ್ಲ. "ಮುಂದಿನ ಪ್ರಶ್ನಿ ನಿಮಗ ಕೇಳಾಕ ಬರೂದಿಲ್ಲ ಅಬ್ಬಾ. 'ಅಲ್ಲಿ ಏನೇನು ನೋಡಿದಿರಿ' ಅಂತ ಐತಿ" ಎಂದು ಪೆನ್ನಿನ ಟೋಪಿ ಹಾಕಿದೆ. ಬೈದಿದ್ದರೆ ಸಹಿಸಬಹುದಿತ್ತು. ಕಾನೂನು 'ಯಾರು' ಎಂದು ಕೇಳುತ್ತದೆ, ಅಪರಾಧಶಾಸ್ತ್ರ 'ಯಾಕೆ' ಎಂದು ಕೇಳುತ್ತದೆ ಅಂತ ನೀನೇ ಒಮ್ಮೆ ಹೇಳಿದ್ದೆ. ನನ್ನಂಥ ಪಂಚ ಮಾತ್ರ 'ಎಲ್ಲಿ ಸಹಿ' ಎಂದು ಕೇಳುತ್ತಾನೆ.

ಆ ದಿನ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟೆ. ಈಗ ಬರೆಯುತ್ತೇನೆ.

ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತುವ ಯಲ್ಲೇಶ ಗೊತ್ತಲ್ಲ? ಹೊಲಗಳ ಪಂಪ್‌ಸೆಟ್ಟಿನ ಕೇಬಲ್ ಕಳುವಾದಾಗ ಅವನನ್ನು ಹಿಡಿದಿದ್ದರು. ಬೆಳಿಗ್ಗೆ ಏಳೂವರೆಗೆ, ಪಂಚರ ಸಮಕ್ಷಮ, ಅವನ ಶೆಡ್ಡಿನ ಹಿಂದೆ ನೆಲ ಅಗೆದು ತಾಮ್ರದ ತಂತಿಯ ಚೀಲ ತೆಗೆದರು ಎಂದು ಪಂಚನಾಮೆ. ಆ ಏಳೂವರೆಗೆ ನಾನು ಮನೆಯಲ್ಲಿ ಒಗ್ಗರಣಿ ಮಂಡಕ್ಕಿ ತಿನ್ನುತ್ತಿದ್ದೆ. ಚೀಲ ಹುಗಿದಿತ್ತೋ, ಶೆಡ್ಡಿನೊಳಗೆ ಕೆಲಸದ ತಂತಿಯ ಜೊತೆ ಬಿದ್ದಿತ್ತೋ, ನನಗೆ ತಿಳಿಯದು. ಮೋಟರ್ ಸುತ್ತುವವನ ಹತ್ತಿರ ತಾಮ್ರವಿರದೆ ಕಲ್ಲುಸಕ್ಕರೆ ಇರುತ್ತದೆಯೇ? ಆದರೂ ಹತ್ತು ಗಂಟೆಗೆ ಅಂಗಡಿಯಲ್ಲಿ ಕೂತು ಸಹಿ ಒಗೆದೆ. ಯಲ್ಲೇಶ ನಲವತ್ತು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ.

ಅವನು ಇನ್ನೂ ಒಳಗಿದ್ದಾಗ ಅವನ ತಾಯಿ ಕರಿಯವ್ವ ನನ್ನ ಅಂಗಡಿಗೇ ಬಂದಳು. ವಕೀಲರಿಗೆ ಕೊಡಲು ಕೇಸಿನ ಕಾಗದದ ಝೆರಾಕ್ಸ್ ಬೇಕಿತ್ತು. ಮಶಿನ್ನಿನಿಂದ ಬಿಸಿ ಬಿಸಿಯಾಗಿ ಬಂದ ಮೂರನೆಯ ಹಾಳೆಯಲ್ಲಿ ನನ್ನ ಹೆಸರು, ನನ್ನ ಬಿ.ಎ. "ತಮ್ಮಾ, ನನ್ನ ಮಗನ ಮ್ಯಾಲೆ ಸಾಕ್ಷಿ ಯಾರ್ಯಾರು ಅದಾರ, ಓದಿ ಹೇಳು" ಎಂದಳು. ಹೊಲದವನ ಹೆಸರು ಓದಿದೆ, ಹನಮಪ್ಪನವರದು ಓದಿದೆ, ಗವಿಸಿದ್ದಪ್ಪನದು ಓದಿದೆ. ನನ್ನದನ್ನು ಬಿಟ್ಟು ಓದಿದೆ. ಅಕ್ಷರ ಕಲಿತ ಮೇಲೆ ನಾನು ಮಾಡಿದ ಅತಿ ಕೀಳು ಕೆಲಸ ಅದು.

ಈ ವರ್ಷ ಸಮನ್ಸ್ ಬಂತು. ಮೂವತ್ತು ಸಹಿಗಳಲ್ಲಿ ಕೋರ್ಟು ನನ್ನನ್ನು ಕರೆದದ್ದು ಇದೇ ಮೊದಲು. ಹನಮಪ್ಪ ಧೈರ್ಯ ತುಂಬಿದರು. "ಏನಿಲ್ಲ ಇನಾಯತಭಾಯ್, ನಾಕು ಸಲ 'ಹೌದ್ರಿ' ಅನ್ರಿ, ಹನ್ನೆರಡರ ಬಸ್ಸಿಗೆ ವಾಪಸ್ ಬರ್ರಿ." ಹೌದೆಂದರೆ ಯಲ್ಲೇಶ ಮತ್ತೆ ಒಳಗೆ. ಇಲ್ಲವೆಂದರೆ ಸುಳ್ಳು ಸಹಿಯವನೆಂದು ನಾನೇ ಸಿಕ್ಕಿಬೀಳುತ್ತೇನೆ. ವಕೀಲಕಿ ಆಗುವವಳ ಅಪ್ಪ ಹೀಗೆ ಎಂದು ಜನ ಆಡುತ್ತಾರೆ. ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ನಿನ್ನ ಅಮ್ಮಿ, "ಮಗಳ ಮುಂದ ಹೇಳಿದ್ದನ್ನ ಜಜ್ಜರ ಮುಂದ ಹೇಳಾಕ ಏನ ಧಾಡಿ?" ಎಂದಳು.

ಲಕ್ಷ್ಮೇಶ್ವರದ ಕೋರ್ಟಿನ ಕಟಕಟೆಯಲ್ಲಿ ಮೊದಲ ಪ್ರಶ್ನೆ: ಈ ಸಹಿ ನಿಮ್ಮದೇನು? "ಹೌದ್ರಿ." ಎರಡನೆಯದು: ಈ ಚೀಲವನ್ನು ನಿಮ್ಮ ಎದುರಿಗೆ ಅಗೆದು ತೆಗೆದರೇನು? ಎರಡನೆಯ 'ಹೌದ್ರಿ' ನಾನು ಹೇಳಲಿಲ್ಲ. "ಇಲ್ರಿ. ನಾ ಅಲ್ಲಿ ಇರಲಿಲ್ರಿ. ಅಂಗಡ್ಯಾಗ ಕುಂತು ಸಹಿ ಮಾಡೀನ್ರಿ."

ಸರಕಾರಿ ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಪ್ರತಿಕೂಲ ಸಾಕ್ಷಿಯಾದೆ. ಈ ನಲವತ್ತೈದು ವರ್ಷದಲ್ಲಿ ನನ್ನನ್ನು ಯಾರೂ ಪ್ರತಿಕೂಲ ಎಂದಿರಲಿಲ್ಲ. ನಿನ್ನ ಅಮ್ಮಿ ಕೂಡ ಹಟಮಾರಿ ಎಂಬಲ್ಲಿಗೆ ನಿಲ್ಲಿಸುತ್ತಾಳೆ. ಆರೋಪಿಯನ್ನು ಉಳಿಸಲು ಸುಳ್ಳು ಹೇಳುತ್ತೀಯಾ ಎಂದು ವಕೀಲರು ಗದರಿದರು. "ಯಲ್ಲೇಶ ಕದ್ದಾನೋ ಇಲ್ಲೋ ನನಗ ಗೊತ್ತಿಲ್ರಿ. ಗೊತ್ತಿಲ್ಲ ಅನ್ನೋದಷ್ಟ ಗೊತ್ತೈತ್ರಿ" ಎಂದೆ.

ನ್ಯಾಯಾಧೀಶರು ನಿನಗಿಂತ ಎಂಟೊಂಬತ್ತು ವರ್ಷಕ್ಕೆ ದೊಡ್ಡ ಹೆಣ್ಣುಮಗಳು. "ಓದಿದವರು, ನೋಡದೆ ಯಾಕೆ ಸಹಿ ಹಾಕಿದಿರಿ?" ಎಂದು ಕೇಳಿದರು.

"ಕೇಳಿದ್ರು. ಇಲ್ಲ ಅನ್ನಾಕ ನಾಚಿಕಿ ಆತ್ರಿ."

"ಇನ್ನು ಮೇಲೆ ಅಂಥ ನಾಚಿಕೆ ಬೇಡ" ಎಂದು ಬರೆದುಕೊಂಡರು. ಅಷ್ಟೇ. ಬಸ್ಸಿನಲ್ಲಿ ಒಂದು ಪ್ರಾಸ ಹೊಳೆಯಿತು: ನೋಡದೆ ಹಾಕಿದ ಸಹಿ, ನುಂಗಲಾರದ ಕಹಿ. ಪ್ರಾಸ ಗಟ್ಟಿಯಾಗಿತ್ತು, ಪೆಟ್ಟು ನನಗೇ ಬಿತ್ತು.

ಹೋದ ಗುರುವಾರ ಕೋರ್ಟು ಯಲ್ಲೇಶನನ್ನು ಕೇಸಿನಿಂದ ಬಿಡುಗಡೆ ಮಾಡಿತು. ಸಂಜೆ ಕರಿಯವ್ವನ ಮನೆಗೆ ಹೋಗಿ, ಅಂದು ನನ್ನ ಹೆಸರು ಬಿಟ್ಟು ಓದಿದ್ದನ್ನು ಹೇಳಿದೆ. ಆಕೆ ಕಸ ತೆಗೆದು ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಡಲಿಲ್ಲ.

"ಗೊತ್ತಿತ್ತೋ ತಮ್ಮಾ. ನನಗ ಓದಾಕ ಬರೂದಿಲ್ಲ. ಆದರ ನಿನ್ನ ಅಂಗಡಿ ಬೋರ್ಡಿನ ಮ್ಯಾಲಿನ ಅಕ್ಷರ ಇಪ್ಪತ್ತು ವರ್ಷ ನೋಡೀನಿ. ಹಾಳ್ಯಾಗೂ ಅವ ಇದ್ದುವು. ಎಂದರ ಬಂದು ಹೇಳ್ತಾನ ಬಿಡು ಅಂದ್ಕೊಂಡೆ. ಕುಂಡ್ರು, ಮಜ್ಜಿಗಿ ಕುಡದು ಹೋಗು."

ಕುಡಿದೆ. ಅಷ್ಟು ತಂಪಾದ ಮಜ್ಜಿಗೆಯಿಂದಲೂ ಕಿವಿಯ ಬಿಸಿ ಇಳಿಯಲಿಲ್ಲ. ಆದರೆ ಮನೆಗೆ ಬರುವಾಗ ಹೆಜ್ಜೆ ಹಗುರಾಗಿತ್ತು.

ಹನಮಪ್ಪ ನಾನು ಸಾಕ್ಷಿ ಹೇಳಿದಂದಿನಿಂದ ರಸ್ತೆ ದಾಟಿರಲಿಲ್ಲ. ನಿನ್ನೆ ಮಧ್ಯಾಹ್ನ ದಾಟಿದರು, ಕೈಯಲ್ಲಿ ಹಾಳೆ ಇತ್ತು. ಹೊಳೆಯಪ್ಪನ ಹೊಲದಲ್ಲಿ ಮೋಟರಿನ ಪೆಟ್ಟಿಗೆ ಒಡೆದಿದ್ದರಂತೆ. "ಇನಾಯತಭಾಯ್, ಶಟರ್ ಇಳಸ್ರಿ. ಗಾಡಿ ಹತ್ರಿ" ಎಂದರು, ಮುಖ ಬೇರೆ ಕಡೆ ತಿರುಗಿಸಿ. ಗವಿಸಿದ್ದಪ್ಪನೂ ಹತ್ತಿದ. ಒಂದೇ ಬೈಕಿನ ಮೇಲೆ ಮೂವರು. ಒಂದು ಕಾಯ್ದೆ ಪಾಲಿಸಲು ಹೊರಟವರು ಇನ್ನೊಂದನ್ನು ಮುರಿದೆವು. ಅದನ್ನು ಪ್ರಾಜೆಕ್ಟಿನಲ್ಲಿ ಬರೆಯಬೇಡ.

ಹೊಲದಲ್ಲಿ ಬಗ್ಗಿ ನೋಡಿದೆ. ಹಾಳೆಯಲ್ಲಿ 'ಕೀಲಿ ಮುರಿದು' ಎಂದಿತ್ತು. "ಹನಮಪ್ಪನವರ, ಕೀಲಿ ಮುರದಿಲ್ರಿ. ಕೊಂಡಿ ಕಿತ್ತಾರ" ಎಂದೆ. ಅವರು ಆಕಾಶ ನೋಡಿದರು, ಗವಿಸಿದ್ದಪ್ಪನನ್ನು ನೋಡಿದರು. "ನಿಮ್ಮ ಮಗಳು ಕರೀ ಕೋಟು ಹಾಕ್ಕೊಳ್ಳೂದ್ರಾಗ ನನ್ನ ಪೆನ್ಶನ್ ಚಾಲೂ ಆದ್ರ ಸಾಕು" ಎಂದು ಹೊಡೆದುಹಾಕಿ ತಿದ್ದಿದರು. ನಾನು ಪೂರ್ತಿ ಓದಿ, ಗಾಡಿಯ ಸೀಟಿನ ಮೇಲೆ ಹಾಳೆ ಇಟ್ಟು ಸಹಿ ಹಾಕಿದೆ. ಸಹಿ ಸ್ವಲ್ಪ ಸೊಟ್ಟ ಬಂತು ಮಗಳೇ. ಹೊಲದಲ್ಲಿ ಕುರ್ಚಿ ಇರಲಿಲ್ಲ.

ನಿನ್ನ ಓದು ಬೇಗ ಮುಗಿಯಲಿ, ನಿನ್ನ ಪ್ರಶ್ನೆ ಎಂದೂ ಮುಗಿಯದಿರಲಿ. ಅಲ್ಲಾಹ ನಿನ್ನ ಕಣ್ಣಿಗೆ ಬೆಳಕನ್ನೂ ಕಾಲಿಗೆ ಬಲವನ್ನೂ ಕೊಡಲಿ.

ಈಗೀಗ ಜಾಗಕ್ಕೆ ಹೋಗಿ ನೋಡುವ,
ನಿನ್ನ ಅಬ್ಬಾ
ಇನಾಯತ