ಎದುರು ಸಾಲಿನ ಮತದಾರರು

ಮನೆ, ನಿನ್ನ ಹೊಲಿಗೆ ಯಂತ್ರದ ಪಕ್ಕ
ಭಾನುವಾರ, ಜೂನ್ ೪

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಭಾಷಣ ಮಾಡಿ ಮಾಡಿ ಕಟ್ಟಿದ್ದ ಗಂಟಲು ಬಿಟ್ಟಿತಾ? ದೊಡ್ಡಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಇಲ್ಲಿ ಅಪ್ಪ ದಿನಕ್ಕೊಂದು ಬಣ್ಣದಲ್ಲಿ ಅನ್ನ ಮಾಡುತ್ತಿದ್ದಾರೆ. ವಿರೋಧಿಸೋಣವೆಂದರೆ ನನಗೆ ಬಹುಮತವಿಲ್ಲ.

ಚುನಾವಣೆಯಲ್ಲಿ ಸೋತ ಸಂಜೆ ಚೀಲ ಹಿಡಿದು ಹೊರಟಾಗ "ಎದುರು ಸಾಲಿನವರ ಮುಖ ಇನ್ನು ನೋಡಲ್ಲ" ಅಂದೆಯಲ್ಲ, ಆ ಮಾತಿನ ಮೇಲೆ ಮನೆಯಲ್ಲೊಂದು ತನಿಖಾ ಆಯೋಗ ರಚನೆಯಾಗಿದೆ. ಅಧ್ಯಕ್ಷ, ಸದಸ್ಯ, ಜವಾನ ಎಲ್ಲ ನಾನೇ. ವರದಿಯನ್ನು ಸವಿನಯವಾಗಿ ನಿನ್ನ ಮಡಿಲಿಗೆ ಹಾಕುತ್ತಿದ್ದೇನೆ.

ಮೊದಲು ಇತಿಹಾಸ. ನಮ್ಮ ವಿಧಾನಸಭಾ ಕ್ಷೇತ್ರ ಹುಟ್ಟಿದಾಗಿನಿಂದ ಒಮ್ಮೆ ಗಿರಣಿ ಮಾಲೀಕರ ಮನೆಯವರು ಗೆದ್ದರೆ ಮತ್ತೊಮ್ಮೆ ಬಸ್ಸಿನ ಮಾಲೀಕರ ಮನೆಯವರು. ಬಸ್ಸಿನವರ ಮಗಳನ್ನು ಗಿರಣಿಯ ಮಗನಿಗೆ ಕೊಟ್ಟ ವರ್ಷ, ಇನ್ನು ಚುನಾವಣೆ ಯಾಕೆ, ಮನೆಯೊಳಗೇ ಮಾತಾಡಿಕೊಳ್ಳಲಿ ಎಂದು ಜನ ನಕ್ಕರಂತೆ. ನಡುವೆ ಪಕ್ಷೇತರರಾಗಿ ನಿಂತ ಧೀರರು ಕ್ಷೌರದಂಗಡಿಯ ಮಾವ ಒಬ್ಬರೇ. ಠೇವಣಿ ಹೋದ ಮೇಲೆ "ನನ್ನ ಕೈಗೆ ಕತ್ತು ಕೊಡ್ತಾರೆ, ವೋಟು ಮಾತ್ರ ಕೊಡಲ್ಲ" ಅಂದು, ಮಾರನೆಯ ಬೆಳಿಗ್ಗೆಯೇ ಅಂಗಡಿ ತೆರೆದರಂತೆ. ಅವರಾದ ಮೇಲೆ ನೀನು.

ಹೆರಿಗೆ ಆಸ್ಪತ್ರೆಗೊಬ್ಬ ಡಾಕ್ಟರಮ್ಮ ಬೇಕೆಂದು ನೀನು ನಿಂತದ್ದು ತಪ್ಪಲ್ಲ. ಎದುರು ಸಾಲಿನವರು ನಿನಗೇ ವೋಟು ಎಂದು ಮಾತು ಕೊಟ್ಟದ್ದೂ ಸುಳ್ಳಲ್ಲ. ಎಡವಟ್ಟಾದದ್ದು ರಸ್ತೆಯಿಂದ. ಹೋದ ವರ್ಷ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದಾಗ ಗೆರೆ ನಮ್ಮ ರಸ್ತೆಯ ನಟ್ಟನಡುವೆ ಹಾದುಹೋಗಿದೆ. ನಮ್ಮ ಸಾಲು ಹಳೆಯ ಕ್ಷೇತ್ರದಲ್ಲೇ ಉಳಿಯಿತು. ಎದುರು ಸಾಲೂ ಅದರ ಹಿಂದಿನ ಗಲ್ಲಿಗಳೂ ಪಕ್ಕದ ಕ್ಷೇತ್ರಕ್ಕೆ ಹೋದವು. ನೀನು ಚಪ್ಪಲಿ ಸವೆಸಿದ್ದು, ಅಳುವ ಕೂಸುಗಳನ್ನು ಎತ್ತಿ ಆಡಿಸಿದ್ದು ಹೆಚ್ಚಾಗಿ ಅಲ್ಲೇ. ನಿನ್ನ ಪ್ರಚಾರ ಸಮಿತಿಯ ಪ್ರಧಾನ ಕಾರ್ಯದರ್ಶಿಗಳಾದ ಅಪ್ಪ, "ಮತದಾರರ ಪಟ್ಟಿ ಯಾಕೆ ನೋಡ್ಬೇಕು, ನಮ್ಮ ಜನ ನಮಗೆ ಗೊತ್ತಿಲ್ವಾ" ಅಂದಿದ್ದರು. ಈಗ ಆ ವಿಷಯ ಎತ್ತಿದರೆ ಅವರಿಗೆ ಕೆಮ್ಮು ಬರುತ್ತದೆ.

ಮತದಾನದ ದಿನ ಶಾಲೆ ಒಂದೇ, ಕೋಣೆ ಬೇರೆ ಬೇರೆ. ಎದುರು ಸಾಲಿನ ಕನ್ನಡಕದಜ್ಜಿ ಮತಯಂತ್ರದ ಮುಂದೆ ನಿಂತು ನಿನ್ನ ಕತ್ತರಿ ಗುರುತನ್ನು ಮೇಲಿಂದ ಕೆಳಗೆ ಹುಡುಕಿ ಸುಸ್ತಾದರಂತೆ. "ನಮ್ಮ ಟೈಲರಮ್ಮನ್ನ ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಅಧಿಕಾರಿಯನ್ನೇ ದಬಾಯಿಸಿದರಂತೆ. ಅಜ್ಜಿಯೂ ಹಿಂದಿದ್ದ ಹೆಂಗಸರೂ ಕೊನೆಗೆ ಸಿಟ್ಟಿನಿಂದ ನೋಟಾ ಒತ್ತಿ ಬಂದರು. ಆ ಕೋಣೆಯಲ್ಲಿ ಗೆದ್ದದ್ದು ನೋಟಾ, ಅಮ್ಮಾ. ಅವೆಲ್ಲ ನಿನ್ನ ವೋಟುಗಳು. ನಿನಗಿದನ್ನು ಹೇಳುವ ಧೈರ್ಯ ಸಾಲದೆ ಅವರು ಬಾಗಿಲು ಹಾಕಿಕೊಂಡರು. ನೀನು ದ್ರೋಹವೆಂದುಕೊಂಡೆ.

ತಮಾಷೆ ಸಾಕು. ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ. ದೊಡ್ಡಮ್ಮ, ದೊಡ್ಡಪ್ಪನಿಗೆ ನನ್ನ ನಮಸ್ಕಾರ. ಅಷ್ಟೆಲ್ಲ ನಡೆದ ನಿನ್ನ ಕಾಲುಗಳಿಗೆ ಪ್ರತ್ಯೇಕ ನಮಸ್ಕಾರ.

ನಿನ್ನ
ತಲೆಹರಟೆ ಮಗ

ತಾ.ಕ.: ಪಕ್ಕದ ಕ್ಷೇತ್ರದಲ್ಲಿ ಗೆದ್ದವರು ಇನ್ನೊಂದು ಕಡೆಯೂ ಗೆದ್ದಿದ್ದಾರೆ, ಇದನ್ನು ಬಿಡುತ್ತಾರಂತೆ. ಅಂದರೆ ಉಪಚುನಾವಣೆ. ನೀನು ಅಲ್ಲಿ ನಿಲ್ಲಬಹುದು, ವಕೀಲರ ಗುಮಾಸ್ತರನ್ನು ಕೇಳಿದೆ. ನಾಮಪತ್ರದಲ್ಲಿ ನಿನ್ನ ಹೆಸರು ಸೂಚಿಸಿ ಸಹಿ ಹಾಕಲು ಆ ಕ್ಷೇತ್ರದ ಹತ್ತು ಜನ ಮತದಾರರು ಬೇಕು. ಮೊದಲು ಯಾರು ಎಂದು ಎದುರು ಸಾಲಿನಲ್ಲಿ ಆಗಲೇ ಜಗಳ. "ನಾನಿರೋವಾಗ ಇನ್ಯಾರೇ ಮೊದಲು?" ಎಂದು ಕನ್ನಡಕದಜ್ಜಿ ಪೆನ್ನು ಹಿಡಿದು ಜಗಲಿ ಮೇಲೆ ಕೂತಿದ್ದಾರೆ. ನಾಳೆಯೇ ಹೊರಡು. ಬರುವಾಗ ರಸ್ತೆಯ ಆ ಬದಿಯಲ್ಲೇ ನಡೆದು ಬಾ.